ಸೆಲ್ಫ್ ಹೊಡೆದರೂ ಇಂಜಿನ್ ಹೊತ್ತಿಕೊಳ್ಳುತ್ತಿಲ್ಲ, ಮೀಟರಿನಲ್ಲಿ ಕೀ ಗುರುತಿನ ದೀಪ ಮಿನುಗುತ್ತಿದೆ: ಇಸಿಎಂ ಬದಲಿಸಲೇಬೇಕೇ?

ಪ್ರಶ್ನೆ: ಶಿರಸಿ ಕಡೆಯ ತೋಟಿಗ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ 18 ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿ ನಮ್ಮ ಮನೆ ಮತ್ತು ಅಡಿಕೆ ತೋಟ ಇವೆ. ಮನೆಯಲ್ಲಿರುವುದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಇದುವರೆಗೆ 71,000 ಕಿಲೋಮೀಟರ್ ಓಡಿದ್ದು, ಹತ್ತು ವರ್ಷಗಳಲ್ಲಿ ಒಮ್ಮೆಯೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಮಳೆ ಹಿಡಿದ ಮೇಲೆ, ಅಂದರೆ ಸುಮಾರು ಮೂರು ವಾರಗಳಿಂದ, ಗಾಡಿ ಸ್ಟಾರ್ಟ್ ಆಗುವುದು ಅದೃಷ್ಟದ ಮಾತಾಗಿದೆ. ಕೀ ತಿರುಗಿಸಿ ಸೆಲ್ಫ್ ಹೊಡೆದರೆ ಇಂಜಿನ್ ಎಂದಿನ ವೇಗದಲ್ಲಿಯೇ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಕೆಲವು ಸಲ ಹೊತ್ತಿಕೊಂಡು ಒಂದೆರಡು ಸೆಕೆಂಡಿನಲ್ಲಿಯೇ ನಿಂತುಹೋಗುತ್ತದೆ. ಬೇಸರದಿಂದ ಕೀ ತೆಗೆದು, ಹತ್ತು ನಿಮಿಷ ಜಗಲಿಯ ಮೇಲೆ ಕುಳಿತು, ಮತ್ತೆ ಹೋಗಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುವುದೂ ಉಂಟು. ಒಮ್ಮೆ ಸರಿಯಾಗಿ ಸ್ಟಾರ್ಟ್ ಆದರೆ ಮುಂದೆ ಎಷ್ಟು ದೂರ ಓಡಿಸಿದರೂ ತೊಂದರೆ ಇಲ್ಲ.

ಊರಿನ ಹುಡುಗರು ಇಳಿಜಾರಿನಲ್ಲಿ ತಳ್ಳಿ ನೋಡಿದರು, ಪ್ರಯೋಜನವಾಗಲಿಲ್ಲ. ಪೇಟೆಯ ಗ್ಯಾರೇಜಿನವರು ಪ್ಲಗ್ ಬಿಚ್ಚಿ ನೋಡಿ ಸ್ಪಾರ್ಕ್ ಬರುತ್ತಿಲ್ಲವೆಂದರು, ಬೇರೆ ಬ್ಯಾಟರಿ ಜೋಡಿಸಿ ನೋಡಿದರು, ಕೊನೆಗೆ ಇಸಿಎಂಗೆ, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆಗೆ, ತೇವ ಹಿಡಿದು ಹಾಳಾಗಿದೆ ಎಂದು ತೀರ್ಮಾನ ಹೇಳಿದರು. ಹೊಸ ಇಸಿಎಂಗೆ 32,000 ರೂಪಾಯಿ, ಗುಜರಿಯಿಂದ ತಂದದ್ದಾದರೆ 9,000 ರೂಪಾಯಿ ಆಗುವುದಂತೆ. ಅದೂ ಬೇಡವಾದರೆ, ಸರಿಯಾದ ಕೀ ಇಲ್ಲದೆ ಇಂಜಿನ್ ಹೊತ್ತಿಕೊಳ್ಳದಂತೆ ತಡೆಯುವ ವ್ಯವಸ್ಥೆಯಾದ 'ಇಮೊಬಿಲೈಸರ್ ಕಟ್ ಮಾಡಿಸಿಬಿಡಿ' ಎಂದು ಇನ್ನೊಬ್ಬರು ಸಲಹೆ ಕೊಟ್ಟಿದ್ದಾರೆ.

ನನ್ನ ತಾಯಿಗೆ 82 ವರ್ಷ. ತಿಂಗಳಿಗೆ ಎರಡು ಬಾರಿ ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗುತ್ತದೆ, ರಾತ್ರಿ ಹೊತ್ತಿನಲ್ಲಿ ನಮ್ಮ ಕಡೆ ಬೇರೆ ವಾಹನ ಸಿಗುವುದಿಲ್ಲ. ಹಣ ಖರ್ಚಾಗುವುದಕ್ಕಿಂತಲೂ, ಖರ್ಚು ಮಾಡಿದ ಮೇಲೂ ಗಾಡಿಯನ್ನು ನಂಬಲಾಗದಿದ್ದರೆ ಏನು ಗತಿ ಎಂಬುದೇ ನನ್ನ ಚಿಂತೆ. ನಿಜವಾಗಿಯೂ ಇಸಿಎಂ ಹೋಗಿರಬಹುದೇ? ಹಳೆಯ ಇಸಿಎಂ ತಂದು ಹಾಕಬಹುದೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಹುಬ್ಬಳ್ಳಿಯ ಆಟೊ ಎಲೆಕ್ಟ್ರಿಷಿಯನ್

ಯಜಮಾನರೇ, ಮೊದಲನೆಯದಾಗಿ ಯಾವುದಕ್ಕೂ ಮುಂಗಡ ಕೊಡಬೇಡಿ. ಇಪ್ಪತ್ತೆರಡು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಇಸಿಎಂ ಹಾಳಾಗುವುದೇ ಇಲ್ಲವೆಂದು ಹೇಳಲಾರೆ, ನೀರು ನುಗ್ಗಿದ ಗಾಡಿಗಳಲ್ಲಿ ಅದು ಹೋಗಿರುವುದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಒಮ್ಮೆ ಸ್ಟಾರ್ಟ್ ಆದ ಮೇಲೆ ದಿನವಿಡೀ ನಿಲ್ಲದೆ ಓಡುವ ಗಾಡಿಯಲ್ಲಿ ನಾನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸುವ ವಸ್ತು ಅದು. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಶೀರ್ಷಿಕೆಯಲ್ಲಿರುವ ಕೀ ಗುರುತಿನ ದೀಪ. ಅಷ್ಟು ಮುಖ್ಯವಾದ ಸಂಗತಿಯನ್ನು ಪ್ರಶ್ನೆಯ ಒಳಗೆ ನೀವು ಬರೆದೇ ಇಲ್ಲ. ಗ್ಯಾರೇಜಿನವರಿಗಾದರೂ ಅದನ್ನು ತೋರಿಸಿದ್ದೀರಾ?

ಕೆಳಗಿನ ವಿಷಯಗಳನ್ನು ನೋಡಿ ತಿಳಿಸಿ. ಇಗ್ನಿಷನ್ ಆನ್ ಮಾಡಿದಾಗ ಆ ದೀಪ ಕೆಲವು ಸೆಕೆಂಡು ಉರಿದು ಆರುತ್ತದೆಯೇ ಅಥವಾ ಮಿನುಗುತ್ತಲೇ ಇರುತ್ತದೆಯೇ? ಗಾಡಿ ಸ್ಟಾರ್ಟ್ ಆಗುವ ದಿನ ಹೇಗೆ, ಆಗದ ದಿನ ಹೇಗೆ, ಇವೆರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಸಿ ಎರಡು ಅಳತೆ ತೆಗೆಸಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಎಷ್ಟು ವೋಲ್ಟ್ ಇದೆ, ಸೆಲ್ಫ್ ಹೊಡೆಯುತ್ತಿರುವಾಗ ಎಷ್ಟಕ್ಕೆ ಇಳಿಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಂಜಿನ್ ತಿರುಗುವಷ್ಟು ಶಕ್ತಿಯಿದ್ದರೂ ವೋಲ್ಟೇಜ್ ತೀರ ಕುಸಿದಾಗ ಇಮೊಬಿಲೈಸರ್ ಮತ್ತು ಇಸಿಎಂ ನಡುವಿನ ಮಾತುಕತೆ ಕಡಿದುಹೋಗುವುದುಂಟು, ಆದ್ದರಿಂದ ಈ ಪರೀಕ್ಷೆಯನ್ನು ಬಿಡುವಂತಿಲ್ಲ.

ಆಮೇಲೆ, ಇತ್ತೀಚೆಗೆ ಅಂಗಡಿಯಲ್ಲಿ ಹೊಸ ಸೆಂಟ್ರಲ್ ಲಾಕ್, ಅಲಾರಂ, ಮ್ಯೂಸಿಕ್ ಸಿಸ್ಟಂ ಏನಾದರೂ ಹಾಕಿಸಿದ್ದೀರಾ? ಸ್ಟೀರಿಂಗ್ ಕೆಳಗಿನ ವೈರುಗಳನ್ನು ಯಾರಾದರೂ ಮುಟ್ಟಿದ್ದಾರೆಯೇ? ಮಳೆಗಾಲದಲ್ಲಿ ಬೆಚ್ಚಗಿರಲೆಂದು ಇಲಿಗಳು ಬಾನೆಟ್ ಒಳಗೆ ಸೇರಿ ವೈರು ಕಡಿಯುವುದು ನಿಮ್ಮ ಸೀಮೆಯಲ್ಲಿ ಹೆಚ್ಚು, ಅದನ್ನೂ ಟಾರ್ಚ್ ಹಿಡಿದು ನೋಡಿ. ಕೀಯ ಕೇಸು ಬದಲಿಸಿದ್ದೀರಾ? ಕೊನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು: ಗಾಡಿ ಕೊಂಡಾಗ ಕೊಟ್ಟ ಎರಡನೆಯ ಕೀ ಎಲ್ಲಿದೆ?

ಉತ್ತರ: ಬೆಂಗಳೂರಿನ ವಾಹನ ಎಲೆಕ್ಟ್ರಾನಿಕ್ಸ್ ಇಂಜಿನಿಯರ್

ಮೇಲಿನವರು ಕೇಳಿದ ಪ್ರಶ್ನೆಗಳು ಸರಿಯಾದ ದಿಕ್ಕಿನಲ್ಲಿವೆ. ಅವುಗಳನ್ನು ಏಕೆ ಕೇಳುತ್ತಿದ್ದಾರೆಂಬುದು ಗೊತ್ತಾಗಲೆಂದು ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಕೀಯ ತಲೆಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಕೀ ಹಾಕುವ ತೂತಿನ ಸುತ್ತ, ಪ್ಲಾಸ್ಟಿಕ್ ಮುಚ್ಚಳದ ಹಿಂದೆ, ಬಳೆಯಾಕಾರದ ತಂತಿಯ ಸುರುಳಿಯೊಂದಿದೆ. ಇಗ್ನಿಷನ್ ಆನ್ ಆದೊಡನೆ ಆ ಸುರುಳಿ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆವರ್ತನದ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಚಿಪ್ಪು ಆ ಕ್ಷೇತ್ರದಿಂದಲೇ ತನಗೆ ಬೇಕಾದ ವಿದ್ಯುತ್ತನ್ನು ಪಡೆದು ಎಚ್ಚರಗೊಂಡು ತನ್ನ ಗುರುತನ್ನು ಹೇಳುತ್ತದೆ. ನಂತರ ಗಾಡಿಯ ಕಡೆಯಿಂದ ಒಂದು ಯಾದೃಚ್ಛಿಕ ಸಂಖ್ಯೆ ಪ್ರಶ್ನೆಯಾಗಿ ಹೋಗುತ್ತದೆ, ಗುಪ್ತಸಂಕೇತವನ್ನು ಬಳಸಿ ಲೆಕ್ಕ ಹಾಕಿದ ಉತ್ತರವನ್ನು ಚಿಪ್ಪು ಹಿಂದಿರುಗಿಸುತ್ತದೆ. ಉತ್ತರ ಹೊಂದಿದರೆ ಮಾತ್ರ ಇಸಿಎಂ ಪೆಟ್ರೋಲ್ ಸಿಂಪಡಿಸಲು ಮತ್ತು ಸ್ಪಾರ್ಕ್ ಕೊಡಲು ಒಪ್ಪುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಮಾತುಕತೆ ನಡೆಯಬೇಕಾದರೆ ಚಿಪ್ಪು ಸುರುಳಿಯಿಂದ ಕೆಲವೇ ಸೆಂಟಿಮೀಟರ್ ಅಂತರದಲ್ಲಿರಬೇಕು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಗ್ಯಾರೇಜಿನವರು ಸ್ಪಾರ್ಕ್ ಇಲ್ಲವೆಂದು ಕಂಡುಕೊಂಡದ್ದು ಸುಳ್ಳಲ್ಲ, ಆದರೆ ಅದರಿಂದ ಇಸಿಎಂ ಸತ್ತಿದೆ ಎಂಬ ತೀರ್ಮಾನಕ್ಕೆ ಬರಲಾಗದು. ಕೀಯನ್ನು ಗುರುತಿಸಲಾಗದೆ ಅದು ಬೇಕೆಂದೇ ಸ್ಪಾರ್ಕನ್ನು ತಡೆದಿರಬಹುದು, ಅಂದರೆ ತನ್ನ ಕರ್ತವ್ಯವನ್ನೇ ಮಾಡುತ್ತಿರಬಹುದು. ತಳ್ಳಿದರೂ ಗಾಡಿ ಏಕೆ ಹೊತ್ತಿಕೊಳ್ಳಲಿಲ್ಲ ಎಂಬುದಕ್ಕೂ ಇದೇ ಕಾರಣ ಇರಬಹುದು. ಇಂಜಿನ್ ತಿರುಗುತ್ತಿರುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕೆಟ್ಟಾಗಲೂ ಸ್ಪಾರ್ಕ್ ಮತ್ತು ಪೆಟ್ರೋಲ್ ಎರಡೂ ಒಟ್ಟಿಗೆ ನಿಲ್ಲುತ್ತವೆ, ಆದರೆ ಆಗ ಕೀ ದೀಪ ಮಿನುಗುವುದಿಲ್ಲ. ಸ್ಕ್ಯಾನರ್ ಹಾಕಿಸಿದರೆ ಇನ್ನೂ ಖಚಿತವಾಗುತ್ತದೆ. ಸ್ಟೀರಿಂಗ್ ಕೆಳಗೆ ದೋಷ ಓದಲೆಂದೇ ಇರುವ ಒಬಿಡಿ ಸಾಕೆಟ್ಟಿಗೆ ಜೋಡಿಸಿ ಓದಿದಾಗ ಪಿ0335 ಎಂಬ ದೋಷಸಂಖ್ಯೆ ಬಂದರೆ ಕ್ರ್ಯಾಂಕ್ ಸೆನ್ಸರಿನ ಕಡೆ, ಪಿ0513 ಬಂದರೆ ಕೀಯ ಕಡೆ, ಪಿ0562 ಬಂದರೆ ಬ್ಯಾಟರಿ ಮತ್ತು ಚಾರ್ಜಿಂಗ್ ಕಡೆ ನೋಡಬೇಕು. ತಯಾರಕರು ತಮ್ಮದೇ ಆದ ಬೇರೆ ಸಂಖ್ಯೆಗಳನ್ನೂ ಬಳಸುತ್ತಾರೆ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಇಂಜಿನ್ನಿನ ದೋಷಗಳನ್ನು ಮಾತ್ರ ಓದಿ ಇಮೊಬಿಲೈಸರ್ ಭಾಗವನ್ನು ಮುಟ್ಟದಿರುವುದು ಸಾಮಾನ್ಯ. ಆದ್ದರಿಂದ ಅವು ಏನನ್ನೂ ತೋರಿಸಲಿಲ್ಲವೆಂದು ದೋಷವೇ ಇಲ್ಲವೆಂದು ತಿಳಿಯಬಾರದು.

ಹಳೆಯ ಇಸಿಎಂ ಬಗ್ಗೆ ಕೇಳಿದ್ದೀರಿ. ಗುಜರಿಯಿಂದ ಬರುವ ಇಸಿಎಂ ಬೇರೊಂದು ಕಾರಿನ ಇಮೊಬಿಲೈಸರಿನೊಂದಿಗೆ ಜೋಡಿಯಾಗಿರುತ್ತದೆ, ಅದನ್ನು ಹಾಗೆಯೇ ತಂದು ಹಾಕಿದರೆ ನಿಮ್ಮ ಕೀಯನ್ನು ಅದು ಒಪ್ಪುವುದಿಲ್ಲ. ಆ ಕಾರಿನ ಇಸಿಎಂ, ಇಮೊಬಿಲೈಸರ್ ಪೆಟ್ಟಿಗೆ, ಕೀ ಮೂರನ್ನೂ ಒಟ್ಟಿಗೆ ತರಬೇಕು, ಇಲ್ಲವೇ ಅದರ ನೆನಪನ್ನು ಅಳಿಸಿ ಹೊಸದಾಗಿ ಹೊಂದಿಸಬೇಕು. ಬ್ಯಾಟರಿಯ ತಂತಿ ಕಳಚಿಟ್ಟರೆ ಎಲ್ಲವೂ ರಿಸೆಟ್ ಆಗುತ್ತದೆ ಎಂದು ಹೇಳುವವರಿದ್ದಾರೆ. ಈ ಸಂಕೇತಗಳು ವಿದ್ಯುತ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿರುತ್ತವೆ, ಹಾಗಾಗಿ ಅದರಿಂದ ಪ್ರಯೋಜನವಿಲ್ಲ.

'ಕಟ್ ಮಾಡಿಸುವ' ಮಾತಿಗೆ ನನ್ನ ಸ್ಪಷ್ಟ ವಿರೋಧವಿದೆ. ಅದು ಒಂದು ವೈರು ಕತ್ತರಿಸುವ ಕೆಲಸವಲ್ಲ, ಇಸಿಎಂ ಬಿಚ್ಚಿ ಅದರ ಮೆಮೊರಿಯನ್ನು ತಿದ್ದುವ ಕೆಲಸ. ಕೈ ತಪ್ಪಿದರೆ ಚೆನ್ನಾಗಿರುವ ಇಸಿಎಂ ಆಗ ನಿಜವಾಗಿಯೂ ಸಾಯುತ್ತದೆ. ಕೆಲಸ ಸರಿಯಾಗಿಯೇ ಆಯಿತೆನ್ನೋಣ, ಆಮೇಲೆ ಚಿಪ್ಪಿಲ್ಲದ ನಕಲು ಕೀಯಿಂದ ಯಾರು ಬೇಕಾದರೂ ನಿಮ್ಮ ಗಾಡಿಯನ್ನು ಒಯ್ಯಬಹುದು. ಜರ್ಮನಿಯಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದ್ದು ಕಳ್ಳತನ ತಡೆಯುವುದಕ್ಕಾಗಿಯೇ. ನಮ್ಮಲ್ಲಿ ಗಾಡಿ ಕಳವಾದರೆ ವಿಮಾ ಕಂಪನಿಯವರು ಎರಡೂ ಮೂಲ ಕೀಗಳನ್ನು ಕೇಳುತ್ತಾರೆ ಎಂಬುದನ್ನೂ ನೆನಪಿಡಿ.

ಪ್ರತಿಕ್ರಿಯೆ: ಶಿರಸಿ ಕಡೆಯ ತೋಟಿಗ

ಇಷ್ಟು ವಿವರವಾಗಿ ಬರೆದ ಇಬ್ಬರಿಗೂ ಕೃತಜ್ಞತೆಗಳು. ದೀಪದ ವಿಷಯವನ್ನು ಗ್ಯಾರೇಜಿನಲ್ಲಿ ಹೇಳಿದ್ದೆ, ಇಸಿಎಂ ಕೆಟ್ಟಾಗ ಎಲ್ಲ ದೀಪಗಳೂ ಹಾಗೆಯೇ ಎಂದರು, ನಾನು ಒಪ್ಪಿಕೊಂಡೆ.

ಎರಡು ದಿನ ಪುಸ್ತಕದಲ್ಲಿ ಬರೆದಿಟ್ಟು ನೋಡಿದ್ದೇನೆ. ಸ್ಟಾರ್ಟ್ ಆಗುವಾಗ ಕೀ ದೀಪ ಎರಡು ಮೂರು ಸೆಕೆಂಡು ಉರಿದು ಆರುತ್ತದೆ. ಆಗದಿರುವಾಗ ಬೇಗ ಬೇಗ ಮಿನುಗುತ್ತಲೇ ಇರುತ್ತದೆ. ಹದಿನಾಲ್ಕು ಸಲ ನೋಡಿದ್ದರಲ್ಲಿ ಒಮ್ಮೆಯೂ ಇದು ತಪ್ಪಲಿಲ್ಲ. ಈಗ ಸೆಲ್ಫ್ ಹೊಡೆಯುವ ಮೊದಲೇ ದೀಪ ನೋಡಿ ಗಾಡಿ ಸ್ಟಾರ್ಟ್ ಆಗುತ್ತದೆಯೋ ಇಲ್ಲವೋ ಹೇಳಬಲ್ಲೆ. ಬ್ಯಾಟರಿ ಬೆಳಿಗ್ಗೆ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4 ವೋಲ್ಟ್ ಇದೆ. ಇಲಿ ಕಡಿದ ಗುರುತು ಎಲ್ಲಿಯೂ ಕಾಣಲಿಲ್ಲ. ಹೊಸದಾಗಿ ಏನನ್ನೂ ಹಾಕಿಸಿಲ್ಲ.

ಕೀಯ ಕೇಸು ಮಾತ್ರ ಬದಲಿಸಿದ್ದು ಹೌದು. ಮೇ ಕೊನೆಯಲ್ಲಿ, ಬಟನ್ನಿನ ರಬ್ಬರು ಹರಿದಿದ್ದರಿಂದ, ಪೇಟೆಯ ಅಂಗಡಿಯೊಂದರಲ್ಲಿ ಮಡಚುವ ಹೊಸ ಮಾದರಿಯ ಕೇಸು ಹಾಕಿಸಿ ಒಳಗಿನ ಸಾಮಾನನ್ನು ಅದಕ್ಕೆ ವರ್ಗಾಯಿಸಿಕೊಂಡೆ. ಅದಾದ ಮೇಲೂ ರಿಮೋಟ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಬಾಗಿಲು ಒಂದೇ ಒತ್ತಿಗೆ ತೆರೆಯುತ್ತದೆ, ಆದ್ದರಿಂದ ಕೀ ಸರಿಯಾಗಿಯೇ ಇದೆ ಎಂದುಕೊಂಡಿದ್ದೆ. ಎರಡನೆಯ ಕೀ ಬೆಂಗಳೂರಿನಲ್ಲಿರುವ ಮಗಳ ಬಳಿ ಇದೆ, ಭಾನುವಾರ ತರುತ್ತಾಳೆ.

ಉತ್ತರ: ಮೈಸೂರಿನ ಶಿಕ್ಷಕಿ

ಸರ್, ನಿಮ್ಮ ಕೀ ಕೇಸಿನ ವಿಷಯ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಮೂರು ವರ್ಷಗಳ ಹಿಂದೆ ನಾನೂ ಹೀಗೆಯೇ ಕೇಸು ಬದಲಿಸಿಕೊಂಡು, ಅಂಗಡಿಯ ಮುಂದೆಯೇ ಗಾಡಿ ಸ್ಟಾರ್ಟ್ ಆಗದೆ ಕಂಗಾಲಾಗಿದ್ದೆ. ರಿಮೋಟಿನ ಬೋರ್ಡನ್ನು ಮಾತ್ರ ಹೊಸ ಕೇಸಿಗೆ ಹಾಕಿ, ಚಿಪ್ಪನ್ನು ಹಳೆಯ ಕೇಸಿನೊಳಗೇ ಬಿಟ್ಟಿದ್ದರು. ಕಸದ ಬುಟ್ಟಿಯಿಂದ ಹಳೆಯ ಕೇಸನ್ನು ಹುಡುಕಿ ತೆಗೆದದ್ದರಿಂದ ಬಚಾವಾದೆ. ನಿಮ್ಮ ಗಾಡಿ ಆಗಾಗ ಸ್ಟಾರ್ಟ್ ಆಗುತ್ತಿರುವುದರಿಂದ ಚಿಪ್ಪು ಕಳೆದುಹೋಗಿಲ್ಲ ಎಂಬುದಂತೂ ಖಂಡಿತ. ಹಳೆಯ ಕೇಸನ್ನು ಎಸೆಯದೆ ಇಟ್ಟುಕೊಂಡಿದ್ದರೆ ಅದನ್ನು ಜೋಪಾನವಾಗಿಡಿ, ಚಿಪ್ಪು ಕೂರುವ ಸರಿಯಾದ ಜಾಗ ಎಲ್ಲಿತ್ತೆಂಬುದು ಅದರಿಂದ ತಿಳಿಯುತ್ತದೆ.

ಉತ್ತರ: ಹುಬ್ಬಳ್ಳಿಯ ಆಟೊ ಎಲೆಕ್ಟ್ರಿಷಿಯನ್

ಮೇಡಂ ಹೇಳಿದ್ದು ಸರಿಯಾಗಿದೆ. ಯಜಮಾನರೇ, ರಿಮೋಟ್ ಬೇರೆ, ಚಿಪ್ಪು ಬೇರೆ. ರಿಮೋಟಿಗೆ ನಾಣ್ಯದಂಥ 3 ವೋಲ್ಟಿನ ಸೆಲ್ ಬೇಕು, ಅದು ಬಾಗಿಲಿಗೆ ಮಾತ್ರ ಸಂಬಂಧಪಟ್ಟದ್ದು. ಅದರ ಸೆಲ್ ಸತ್ತರೂ ನಿಮ್ಮಂಥ ತಿರುಗಿಸುವ ಕೀಯ ಗಾಡಿ ಸ್ಟಾರ್ಟ್ ಆಗುತ್ತದೆ. ಹಾಗೆಯೇ ಬಾಗಿಲು ತೆರೆಯಿತೆಂಬುದರಿಂದ ಚಿಪ್ಪು ಸರಿಯಿದೆ ಎಂದು ಹೇಳಲಾಗದು.

ಮಗಳು ಬರುವವರೆಗೆ ಒಂದು ಪರೀಕ್ಷೆ ಮಾಡಿ. ಗೊಂಚಲಿನಲ್ಲಿರುವ ಬೇರೆ ಕೀ, ಲೋಹದ ಬಳೆ ಎಲ್ಲವನ್ನೂ ಕಳಚಿ ಈ ಕೀಯನ್ನು ಮಾತ್ರ ಇಟ್ಟುಕೊಳ್ಳಿ. ಇನ್ನೊಂದು ಗಾಡಿಯ ಚಿಪ್ಪಿನ ಕೀ ಅದೇ ಗೊಂಚಲಿನಲ್ಲಿದ್ದರೆ ಎರಡರ ಉತ್ತರವೂ ಒಟ್ಟಿಗೆ ಹೋಗಿ ಗೊಂದಲವಾಗುತ್ತದೆ. ಆಮೇಲೆ ಕೀಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಏನಾದರೂ ಕಟಕಟ ಎನ್ನುತ್ತದೆಯೇ ಕೇಳಿ. ಕೀಯ ಮೊನೆಯನ್ನು ಕೆಳಮುಖ ಮಾಡಿ ಅಂಗೈಗೆ ಎರಡು ಸಲ ತಟ್ಟಿ ಹಾಗೆಯೇ ತೂತಿಗೆ ಹಾಕಿ, ದೀಪ ನೋಡಿ. ಇದನ್ನು ಹತ್ತು ಸಲ ಮಾಡಿ. ನಂತರ ಮೊನೆಯನ್ನು ಮೇಲ್ಮುಖ ಮಾಡಿ ತಟ್ಟಿ ಹತ್ತು ಸಲ ಮಾಡಿ. ಪ್ರತಿಸಲವೂ ಸೆಲ್ಫ್ ಹೊಡೆಯಬೇಕಾಗಿಲ್ಲ, ದೀಪ ಆರಿತೋ ಮಿನುಗಿತೋ ಎಂಬುದನ್ನು ಬರೆದುಕೊಂಡರೆ ಸಾಕು. ಎರಡರಲ್ಲಿ ವ್ಯತ್ಯಾಸ ಕಂಡರೆ ಚಿಪ್ಪು ಒಳಗೆ ಸಡಿಲವಾಗಿ ಜಾರಾಡುತ್ತಿದೆ ಎಂದು ಅರ್ಥ.

ವ್ಯತ್ಯಾಸ ಕಾಣದಿದ್ದರೆ ಮತ್ತು ಎರಡನೆಯ ಕೀಯಲ್ಲೂ ಇದೇ ತೊಂದರೆ ಇದ್ದರೆ, ಆಗ ತೂತಿನ ಸುತ್ತಲಿನ ಸುರುಳಿ ಮತ್ತು ಅದರ ಕನೆಕ್ಟರ್ ನೋಡಬೇಕು. ಸ್ಟೀರಿಂಗ್ ಕವರ್ ಬಿಚ್ಚಿದರೆ ಅದು ಕಾಣುತ್ತದೆ. ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಸ್ವಚ್ಛ ಮಾಡಿ ಜೋಡಿಸಿದರೆ ಎಷ್ಟೋ ಗಾಡಿಗಳು ಸರಿಹೋಗುತ್ತವೆ. ಅದಾದ ಮೇಲೆ ಫ್ಯೂಸು, ವೈರಿಂಗ್, ಇಮೊಬಿಲೈಸರ್ ಪೆಟ್ಟಿಗೆ. ಇಸಿಎಂ ಎಲ್ಲಕ್ಕಿಂತ ಕೊನೆಗೆ.

ಪ್ರತಿಕ್ರಿಯೆ: ಶಿರಸಿ ಕಡೆಯ ತೋಟಿಗ

ನಿನ್ನೆ ಸಂಜೆ ಪರೀಕ್ಷೆ ಮಾಡಿದೆ. ಮೊನೆ ಕೆಳಗೆ ಮಾಡಿ ತಟ್ಟಿದಾಗ ಹತ್ತಕ್ಕೆ ಒಂಬತ್ತು ಸಲ ದೀಪ ಸರಿಯಾಗಿ ಆರಿತು. ಮೇಲೆ ಮಾಡಿ ತಟ್ಟಿದಾಗ ಹತ್ತಕ್ಕೆ ಎರಡೇ ಸಲ. ಅಲ್ಲಾಡಿಸಿದಾಗ ಶಬ್ದ ಬಹಳ ಸಣ್ಣದಾಗಿ ಬರುತ್ತಿತ್ತು, ಮೊದಲು ಅದನ್ನು ಬಟನ್ನಿನ ಶಬ್ದವೆಂದು ತಿಳಿದಿದ್ದೆ.

ಇಂದು ಮಗಳು ಬಂದಳು. ಅವಳು ತಂದ ಕೀಯಿಂದ ಇಪ್ಪತ್ತು ಸಲ ಆನ್ ಮಾಡಿದರೂ ದೀಪ ಒಮ್ಮೆಯೂ ಮಿನುಗಲಿಲ್ಲ, ಗಾಡಿ ಪ್ರತಿಸಲವೂ ಸ್ಟಾರ್ಟ್ ಆಯಿತು. ಆಮೇಲೆ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಇಬ್ಬರೂ ಕೂಡಿ ಮಡಚುವ ಕೇಸನ್ನು ಬಿಚ್ಚಿದೆವು. ಸುಮಾರು 12 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ ಕಪ್ಪು ತುಂಡೊಂದು ಸಿಕ್ಕಿತು, ನೋಡಲು ಮುರಿದ ಪೆನ್ಸಿಲ್ ಸೀಸದ ಚೂರಿನಂತಿದೆ. ಹಳೆಯ ಕೇಸಿನಲ್ಲಿ ಅದು ಕೂರಲು ಲೋಹದ ಅಲಗಿಗೆ ಹತ್ತಿಕೊಂಡಂತೆ ಅಚ್ಚುಕಟ್ಟಾದ ಗುಳಿಯಿದೆ. ಹೊಸ ಕೇಸಿನಲ್ಲಿ ಅಂಥ ಜಾಗವೇ ಇಲ್ಲ. ಅಂಗಡಿಯವರು ಗಮ್ ಟೇಪಿನಿಂದ ಬೋರ್ಡಿನ ಪಕ್ಕಕ್ಕೆ ಅಂಟಿಸಿದ್ದರು, ಟೇಪು ಬಿಟ್ಟುಕೊಂಡು ಚಿಪ್ಪು ಅತ್ತಿಂದಿತ್ತ ಓಡಾಡುತ್ತಿತ್ತು. ಹತ್ತು ನಿಮಿಷ ಕಾದ ಮೇಲೆ ಗಾಡಿ ಸ್ಟಾರ್ಟ್ ಆಗುತ್ತಿದ್ದುದು ಕಾದದ್ದರಿಂದಲ್ಲ, ಕೀಯನ್ನು ಜೇಬಿಗೆ ಹಾಕಿ ತೆಗೆಯುವಾಗ ಚಿಪ್ಪಿನ ಜಾಗ ಬದಲಾಗುತ್ತಿದ್ದುದರಿಂದ ಎಂಬುದು ಈಗ ಅರ್ಥವಾಗುತ್ತಿದೆ. ಕೇಸು ಬದಲಿಸಿದ್ದು, ಟೇಪು ಸಡಿಲವಾದದ್ದು, ಮಳೆ ಹಿಡಿದದ್ದು ಎಲ್ಲವೂ ಒಂದರ ಬೆನ್ನಿಗೆ ಒಂದು ಬಂದದ್ದರಿಂದ ತೇವದ ಮಾತನ್ನು ನಾನೂ ನಂಬಿದ್ದೆ.

ಸದ್ಯಕ್ಕೆ ಎಲ್ಲವನ್ನೂ ಹಳೆಯ ಕೇಸಿಗೇ ಮರಳಿ ಹಾಕಿದ್ದೇನೆ. ರಬ್ಬರು ಹರಿದಿದ್ದರೂ ಗಾಡಿ ಪ್ರತಿಸಲ ಸ್ಟಾರ್ಟ್ ಆಗುತ್ತಿದೆ. ಬುಧವಾರ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕಿದೆ, ಈ ಸಲ ಧೈರ್ಯವಾಗಿ ಹೊರಡಬಹುದು. ನಿಮ್ಮೆಲ್ಲರ ಉಪಕಾರವನ್ನು ಮರೆಯಲಾರೆ. ಕೊನೆಯದಾಗಿ ಒಂದು ಪ್ರಶ್ನೆ: ಮಗಳ ಬಳಿಯೂ ಒಂದು ಕೀ ಇರಬೇಕು, ಮನೆಯಲ್ಲಿಯೂ ಎರಡು ಇರಬೇಕು ಎಂದು ಮೂರನೆಯದನ್ನು ಮಾಡಿಸುವ ಯೋಚನೆಯಿದೆ. ಬಸ್ ಸ್ಟ್ಯಾಂಡ್ ಹತ್ತಿರ ಕೀ ಮಾಡುವವರು ಮಾಡಿಕೊಡಬಲ್ಲರೇ?

ಉತ್ತರ: ಬೆಂಗಳೂರಿನ ವಾಹನ ಎಲೆಕ್ಟ್ರಾನಿಕ್ಸ್ ಇಂಜಿನಿಯರ್

ತುಂಬ ಸಂತೋಷವಾಯಿತು ಸರ್. ನೀವು ದೀಪದ ಲೆಕ್ಕ ಬರೆದಿಟ್ಟದ್ದೇ ಅರ್ಧ ಕೆಲಸ ಮುಗಿಸಿತು.

ಅಲಗನ್ನು ಯಾರು ಬೇಕಾದರೂ ಕತ್ತರಿಸಿ ಕೊಡಬಹುದು, ಆದರೆ ಚಿಪ್ಪಿಲ್ಲದ ಅಲಗು ಬಾಗಿಲನ್ನು ತೆರೆಯುತ್ತದೆ, ಇಂಜಿನ್ನನ್ನು ಹೊತ್ತಿಸುವುದಿಲ್ಲ. ಚಿಪ್ಪಿಗೆ ಸಂಕೇತ ತುಂಬುವ ಯಂತ್ರ ಕೆಲವು ಕೀ ಅಂಗಡಿಗಳಲ್ಲಿಯೂ ಇರುತ್ತದೆ. ಹಳೆಯ ಕಾಲದ, ಒಂದೇ ಸಂಖ್ಯೆಯನ್ನು ಸದಾ ಹೇಳುವ ಚಿಪ್ಪುಗಳನ್ನು ಸುಲಭವಾಗಿ ನಕಲು ಮಾಡಬಹುದು. ನಿಮ್ಮ ಕಾಲದ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊಸ ಚಿಪ್ಪನ್ನು ಗಾಡಿಗೇ ಪರಿಚಯಿಸಬೇಕಾಗುತ್ತದೆ, ಅದಕ್ಕೆ ಗಾಡಿಯ ಪಿನ್ ಸಂಖ್ಯೆ ಬೇಕು. ಅಧಿಕೃತ ಸರ್ವಿಸ್ ಸೆಂಟರಿನಲ್ಲಿಯೇ ಮಾಡಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಪಿನ್ ಸಂಖ್ಯೆ ಅಪರಿಚಿತರ ಕೈಗೆ ಹೋಗಬಾರದೆಂಬುದು ಅದಕ್ಕೆ ಮುಖ್ಯ ಕಾರಣ.

ಉತ್ತರ: ಹುಬ್ಬಳ್ಳಿಯ ಆಟೊ ಎಲೆಕ್ಟ್ರಿಷಿಯನ್

ಯಜಮಾನರೇ, ಹೋಗುವಾಗ ಆರ್‌ಸಿ, ನಿಮ್ಮ ಗುರುತಿನ ಚೀಟಿ, ಗಾಡಿ ಕೊಂಡಾಗ ಕೀ ಜೊತೆ ಕೊಟ್ಟ ಸಂಖ್ಯೆಯಿರುವ ಬಿಲ್ಲೆ ಇದ್ದರೆ ಅದನ್ನೂ ಒಯ್ಯಿರಿ. ಮಗಳು ಬೆಂಗಳೂರಿಗೆ ಹೊರಡುವ ಮೊದಲೇ ಈ ಕೆಲಸ ಮಾಡಿಸಿ. ಹೊಸ ಕೀ ಸೇರಿಸುವಾಗ ಹಲವು ಗಾಡಿಗಳಲ್ಲಿ ಹಳೆಯ ಕೀಗಳೆಲ್ಲವೂ ಅಳಿಸಿಹೋಗುತ್ತವೆ, ಆ ಹೊತ್ತಿನಲ್ಲಿ ಅಲ್ಲಿರುವ ಕೀಗಳನ್ನು ಮಾತ್ರ ಮತ್ತೆ ಬರೆಸಲು ಸಾಧ್ಯ. ಆದ್ದರಿಂದ ಇರುವ ಎರಡೂ ಕೀಗಳು ಆ ದಿನ ನಿಮ್ಮ ಜೇಬಿನಲ್ಲಿರಲಿ.